ಹಳೇ ಫ್ರಿಜ್ ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಫ್ರಿಜ್ ಕೆಟ್ಟಿದೆ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ಮೊದಲು ಬರುವ ಪ್ರಶ್ನೆ ಒಂದೇ, "ಎಷ್ಟು ವರ್ಷ ಆಯ್ತು?" ಹತ್ತು ದಾಟಿದೆ ಅಂದರೆ ಮುಗೀತು. "ಅಯ್ಯೋ ಬಿಡಿ, ಸುಮ್ನೆ ದುಡ್ಡು ದಂಡ, ಹೊಸದು ತಗೊಳ್ಳಿ" ಅಂತ ತೀರ್ಪು ಬಂದೇಬಿಡುತ್ತದೆ. ನಮ್ಮ ಮನೆಯ ಫ್ರಿಜ್ 2012ರದ್ದು. ಈ ಸಲ ಅವರೆಕಾಯಿ ಸೀಸನ್‌ನಲ್ಲಿ ಅದು ಕೈಕೊಟ್ಟಾಗ ಪಕ್ಕದ ಮನೆಯವರು, ಆಫೀಸಿನವರು, ಫೋನಿನಲ್ಲಿ ಚಿಕ್ಕಮ್ಮ, ಎಲ್ಲರೂ ಇದನ್ನೇ ಹೇಳಿದರು. ಅದಕ್ಕೆ ಏನಾಗಿದೆ ಅಂತ ಒಬ್ಬರೂ ಕೇಳಲಿಲ್ಲ.

ನಾನು ಹೇಳೋದು ಇಷ್ಟೇ. ಯಾವ ಪಾರ್ಟ್ ಹೋಗಿದೆ ಅಂತ ಗೊತ್ತಾಗುವ ತನಕ ರಿಪೇರಿನಾ ಹೊಸದಾ ಅನ್ನೋ ಚರ್ಚೆಗೇ ಕೂರಬೇಡಿ. ಫ್ರಿಜ್ ಒಳಗೆ ಮುನ್ನೂರು ರೂಪಾಯಿಯ ಪಾರ್ಟೂ ಇದೆ, ಏಳು ಸಾವಿರದ ಪಾರ್ಟೂ ಇದೆ. ಯಾವುದು ಕೆಟ್ಟರೂ ನಮಗೆ ಗೊತ್ತಾಗೋದು ಮಾತ್ರ ಒಂದೇ ರೀತಿ, ಬೆಳಿಗ್ಗೆ ಕಾಫಿಗೆ ಇಟ್ಟ ಹಾಲು ಒಡೆಯುತ್ತದೆ.

ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ, ಮೇಲೆ ಫ್ರೀಜರ್, ಕೆಳಗೆ ಫ್ರಿಜ್. ಫ್ರೀಜರ್ ತುಂಬ ಹಿದುಕಿದ ಅವರೆ ಇತ್ತು. ಅತ್ತೆ ರಾತ್ರಿ ಕಾಳು ನೆನೆಹಾಕಿ, ಮಾರನೇ ದಿನ ಟಿವಿ ಮುಂದೆ ಕೂತು ಒಂದೊಂದೇ ಕಾಳು ಹಿದುಕಿ, ಸಣ್ಣ ಸಣ್ಣ ಕವರಿನಲ್ಲಿ ಕಟ್ಟಿ ಇಟ್ಟಿದ್ದು. ಯುಗಾದಿ ತನಕ ಬರಬೇಕು ಅನ್ನೋದು ಅವರ ಲೆಕ್ಕ. ಆ ಅವರೆಗೆ ಏನೂ ಆಗಿರಲಿಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿಯೇ ಇತ್ತು. ತೊಂದರೆ ಬಂದಿದ್ದು ಕೆಳಗಿನ ಭಾಗದಲ್ಲಿ. ಹಾಲು ಒಡೆಯಿತು, ಸೊಪ್ಪು ಒಂದೇ ದಿನಕ್ಕೆ ಬಾಡಿತು, ರಾತ್ರಿ ಒಳಗಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ನೋಡಿದರೆ ಡಬ್ಬಿಯ ಮುಚ್ಚಳ ತಳ್ಳಿಕೊಂಡು ಕೆಳಗಿನ ಗಾಜಿನ ಮೇಲೆಲ್ಲ ಹರಿದಿತ್ತು. ಫ್ರಿಜ್ ಒಳಗೆ ಹಿಟ್ಟು ಉಕ್ಕಿದೆ ಅಂದರೆ ಒಳಗೆ ಎಷ್ಟು ಬೆಚ್ಚಗಿರಬೇಕು ನೀವೇ ಯೋಚನೆ ಮಾಡಿ.

ಫೋನ್ ಮಾಡಿದ್ದಕ್ಕೆ ಒಬ್ಬ ಹುಡುಗ ಬಂದ. ಬಾಗಿಲು ತೆಗೆದು ಒಳಗೆ ಕೈ ಇಟ್ಟ. ಹಿಂದೆ ಹೋಗಿ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಮುಟ್ಟಿ ನೋಡಿದ. ಸ್ಕ್ರೂಡ್ರೈವರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. "ಗ್ಯಾಸ್ ಹೋಗಿದೆ ಮೇಡಂ, ಕಂಪ್ರೆಸರ್ ಕೂಡ ವೀಕ್ ಆಗಿದೆ. ಏಳೆಂಟು ಸಾವಿರ ಆಗುತ್ತೆ, ಆಮೇಲೂ ಗ್ಯಾರಂಟಿ ಹೇಳೋಕಾಗಲ್ಲ. ಹೊಸದು ತಗೊಳ್ಳೋದಾದ್ರೆ ಹೇಳಿ, ಇದಕ್ಕೆ ಎರಡು ಸಾವಿರ ಕೊಡಿಸ್ತೀನಿ" ಅಂದ. ಕೆಟ್ಟು ಹೋಗಿರುವ, ಗ್ಯಾಸ್ ಇಲ್ಲದ, ಕಂಪ್ರೆಸರ್ ವೀಕ್ ಆಗಿರುವ ಫ್ರಿಜ್‌ಗೆ ಎರಡು ಸಾವಿರ ಕೊಟ್ಟು ಯಾರು ತಗೊಳ್ತಾರಪ್ಪ ಅಂತ ಅತ್ತೆ ಒಳಗಿನಿಂದಲೇ ಕೇಳಿದರು. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ, ವಿಸಿಟಿಂಗ್ ಚಾರ್ಜ್ ತಗೊಂಡು ಹೋದ.

ಗ್ಯಾಸ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಎಷ್ಟೋ ಜನರ ದುಡ್ಡು ಹೋಗೋದು ಇದರಲ್ಲೇ. ಫ್ರಿಜ್‌ನಲ್ಲಿರುವ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸ್ ತರ ಖರ್ಚಾಗುವುದಲ್ಲ. ಅದು ಪೂರ್ತಿ ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಒಳಗೆ ಆವಿಯಾಗುವಾಗ ಬಿಸಿ ಹೀರಿಕೊಂಡು, ಹಿಂದಿನ ಅಥವಾ ಪಕ್ಕದ ಸುರುಳಿ ಪೈಪಿನಲ್ಲಿ, ಅಂದರೆ ಕಾಯಿಲ್‌ನಲ್ಲಿ, ಆ ಬಿಸಿ ಬಿಟ್ಟು, ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಇಪ್ಪತ್ತು ವರ್ಷ ಆದರೂ ಅಷ್ಟೇ ಗ್ಯಾಸ್ ಇರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತು ಬಿದ್ದಿದೆ ಅಂತಲೇ ಅರ್ಥ. ಆ ತೂತು ಹುಡುಕದೆ ಸುಮ್ನೆ ತುಂಬಿಸಿದರೆ, ತುಂಬಿಸಿದ್ದೂ ಅದೇ ದಾರಿಯಲ್ಲಿ ಹೋಗುತ್ತದೆ. "ವರ್ಷಕ್ಕೊಂದು ಸಲ ಗ್ಯಾಸ್ ಹಾಕಿಸ್ತೀವಿ" ಅಂತ ಸರ್ವೀಸ್ ಮಾಡಿಸೋ ತರ ಹೇಳುವವರಿದ್ದಾರೆ. ಅವರು ಲೀಕ್‌ಗೆ ಬಾಡಿಗೆ ಕಟ್ಟುತ್ತಿದ್ದಾರೆ ಅಷ್ಟೇ.

ಮತ್ತೆ ನಮ್ಮ ಫ್ರೀಜರ್‌ನಲ್ಲಿ ಐಸ್ ಆಗುತ್ತಿತ್ತಲ್ಲ, ಗ್ಯಾಸ್ ಹೋಗಿದ್ದರೆ ಅದು ಹೇಗೆ ಸಾಧ್ಯ? ನನಗೆ ಅನುಮಾನ ಬಂದಿದ್ದೇ ಅಲ್ಲಿ. ಗ್ಯಾಸ್ ಪೂರ್ತಿ ಹೋಗಿದ್ದರೆ ಮೇಲೂ ತಣ್ಣಗಾಗಲ್ಲ. ಅರ್ಧಂಬರ್ಧ ಇದ್ದರೆ ಐಸ್ ಟ್ರೇಯಲ್ಲಿ ನೀರು ಗಟ್ಟಿಯಾಗೋಕೇ ಒದ್ದಾಡುತ್ತದೆ. ಮೇಲೆ ಕಲ್ಲಿನಂಥ ಅವರೆ, ಕೆಳಗೆ ಉಕ್ಕುವ ಹಿಟ್ಟು, ಇದು ಬೇರೆಯದೇ ಕಥೆ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಣ್ಣಗೆ ಮಾಡುವ ಕಾಯಿಲ್ ಸಾಮಾನ್ಯವಾಗಿ ಇರುವುದು ಒಂದೇ ಕಡೆ, ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಒಳಗೆ. ಅಲ್ಲಿನ ತಣ್ಣನೆ ಗಾಳಿಯನ್ನು ಒಂದು ಸಣ್ಣ ಫ್ಯಾನ್ ಫ್ರೀಜರ್‌ಗೂ ಕೆಳಗಿನ ಭಾಗಕ್ಕೂ ತಳ್ಳುತ್ತದೆ. ನಾವು ಬಾಗಿಲು ತೆಗೆದಾಗಲೆಲ್ಲ ಹೊರಗಿನ ತೇವ ಒಳಗೆ ಹೋಗಿ ಆ ಕಾಯಿಲ್ ಮೇಲೆ ಮಂಜುಗಡ್ಡೆಯಾಗಿ ಕೂರುತ್ತದೆ. ಅದನ್ನು ಕರಗಿಸೋಕೆ ಅಲ್ಲೇ ಒಂದು ಹೀಟರ್ ಇದೆ. ಕೆಲವು ಗಂಟೆಗೊಮ್ಮೆ ಕಂಪ್ರೆಸರ್ ನಿಂತು, ಹೀಟರ್ ಸ್ವಲ್ಪ ಹೊತ್ತು ಉರಿದು, ಕರಗಿದ ನೀರು ಪೈಪಿನಲ್ಲಿ ಇಳಿದು ಹಿಂದೆ ಕಂಪ್ರೆಸರ್ ಮೇಲಿನ ಟ್ರೇಗೆ ಬರುತ್ತದೆ. ಅಲ್ಲಿ ಕಂಪ್ರೆಸರ್‌ನ ಬಿಸಿಗೇ ಆವಿಯಾಗಿ ಹೋಗುತ್ತದೆ. ನಮಗೆ ಇದ್ಯಾವುದೂ ಗೊತ್ತೇ ಆಗಲ್ಲ. ಈ ಹೀಟರ್ ಸಾಲಿನಲ್ಲಿ ಏನಾದರೂ ಕೆಟ್ಟರೆ ಐಸ್ ಕರಗದೆ ಬೆಳೆಯುತ್ತಾ ಹೋಗಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಮೇಲಿನ ಫ್ರೀಜರ್ ಪಕ್ಕದಲ್ಲೇ ಇರುವುದರಿಂದ ತಣ್ಣಗೇ ಇರುತ್ತದೆ, ಕೆಳಗೆ ಗಾಳಿ ಇಳಿಯುವುದಿಲ್ಲ. ಕೆಲವು ಸಲ ಫ್ಯಾನ್ ರೆಕ್ಕೆ ಐಸ್‌ಗೆ ತಗುಲಿ ಕರಕರ ಸದ್ದು ಕೂಡ ಬರುತ್ತದೆ. ನಮ್ಮಲ್ಲಿ ಆ ಸದ್ದು ದೀಪಾವಳಿ ಹೊತ್ತಿಗೇ ಶುರುವಾಗಿತ್ತು, ಇಲಿ ಬಂದಿದೆ ಅಂತ ಮನೆಯವರು ಬೋನು ಇಟ್ಟಿದ್ದರು.

ಇದನ್ನು ಖಚಿತ ಮಾಡಿಕೊಳ್ಳೋಕೆ ಖರ್ಚೇ ಇಲ್ಲದ ಒಂದು ಪರೀಕ್ಷೆ ಇದೆ. ಫ್ರಿಜ್ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು ಒಂದು ಇಡೀ ದಿನ ಬಿಡಿ. ಕೆಳಗೆ ಹಳೇ ಟವಲ್ ಹಾಸಿ, ನೀರು ಬರುತ್ತದೆ. ಆಮೇಲೆ ಮತ್ತೆ ಆನ್ ಮಾಡಿ. ಕೆಲವು ದಿನ ಹೊಸದರ ತರ ಕೆಲಸ ಮಾಡಿ, ಮತ್ತೆ ನಿಧಾನಕ್ಕೆ ಕೆಳಗಿನ ಭಾಗ ಬೆಚ್ಚಗಾದರೆ, ಗ್ಯಾಸೂ ಸರಿಯಿದೆ, ಕಂಪ್ರೆಸರೂ ಸರಿಯಿದೆ, ಐಸ್ ಕರಗಿಸುವ ವ್ಯವಸ್ಥೆ ಮಾತ್ರ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಅವರೆ ಕವರುಗಳನ್ನೆಲ್ಲ ಪಕ್ಕದ ಮನೆಯ ಫ್ರೀಜರ್‌ಗೆ ಸಾಗಿಸಿ ನಾವೂ ಹಾಗೇ ಮಾಡಿದೆವು. ಹಾಗೇ ಆಯಿತು. (ವಾಪಸ್ ತರುವಾಗ ಎರಡು ಕವರ್ ಕಡಿಮೆ ಇತ್ತು. ಜಾಗ ಕೊಟ್ಟಿದ್ದಕ್ಕೆ ಅಷ್ಟೂ ಬೇಡವಾ ಅಂತ ಅತ್ತೆ ಸುಮ್ಮನಾದರು.)

ಆಮೇಲೆ ಏರಿಯಾದಲ್ಲೇ ಇರುವ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಸ್ಕೂಟರ್ ಮುಂದೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಓಡಾಡುವವರು. ಅವರು ಏನೂ ಹೇಳೋಕೆ ಮುಂಚೆ ಫ್ರೀಜರ್ ಒಳಗಿನ ಪ್ಯಾನೆಲ್ ಬಿಚ್ಚಿದರು. ಒಳಗೆ ಕಾಯಿಲ್ ಕಾಣಿಸುತ್ತಲೇ ಇರಲಿಲ್ಲ, ಬರೀ ಬಿಳಿ ಐಸ್. ಜಗ್‌ನಲ್ಲಿ ಬಿಸಿನೀರು ಕೇಳಿ ಇಸ್ಕೊಂಡು ನಿಧಾನವಾಗಿ ಸುರಿಯುತ್ತಾ ಹೋದರು. ಚಾಕು ಹಾಕಬೇಡಿ ಅಂತ ನಾನು ಹೇಳುವ ಮೊದಲೇ ಅವರೇ ಹೇಳಿದರು, "ಎಷ್ಟು ಜನ ಐಸ್ ಕೆತ್ತೋಕೆ ಹೋಗಿ ಕಾಯಿಲ್ ತೂತು ಮಾಡ್ಕೊಂಡಿದ್ದಾರೆ ಗೊತ್ತಾ ಅಮ್ಮ, ಬುಸ್ ಅಂತ ಸದ್ದು ಬಂದ್ರೆ ಮುಗೀತು, ಮೂರು ಸಾವಿರ." ಅಲ್ಯೂಮಿನಿಯಂ ಕಾಯಿಲ್ ಅದು, ಚಾಕುವಿನ ತುದಿಗೆ ತಡೆಯುವುದಿಲ್ಲ.

ಐಸ್ ಕರಗಿದ ಮೇಲೆ ಕಾಯಿಲ್‌ಗೆ ಕ್ಲಿಪ್ ಹಾಕಿ ಕೂರಿಸಿದ್ದ ಒಂದು ಸಣ್ಣ ದುಂಡನೆ ವಸ್ತು ತೆಗೆದು ತೋರಿಸಿದರು. ಎರಡು ವೈರ್ ಬಂದಿರುತ್ತದೆ, ಗಾತ್ರ ಹೆಚ್ಚುಕಡಿಮೆ ಹತ್ತು ರೂಪಾಯಿ ನಾಣ್ಯದಷ್ಟು. ಅದರ ಹೆಸರು ಬೈಮೆಟಲ್. ತಣ್ಣಗಿದ್ದಾಗ ಹೀಟರ್‌ಗೆ ಕರೆಂಟ್ ಬಿಡಬೇಕು, ಐಸ್ ಕರಗಿ ಬೆಚ್ಚಗಾದ ತಕ್ಷಣ ಕರೆಂಟ್ ಕಡಿಯಬೇಕು, ಅದರ ಕೆಲಸ ಅಷ್ಟೇ. ನಮ್ಮದರ ಮುಖ ಒಂದು ಕಡೆ ಉಬ್ಬಿಕೊಂಡಿತ್ತು. ಮಲ್ಟಿಮೀಟರ್ ಹಿಡಿದು ಮೊದಲು ಹೀಟರ್ ನೋಡಿದರು, ರೀಡಿಂಗ್ ಬಂತು, ಹೀಟರ್ ಸರಿ. ಆಮೇಲೆ ಬೈಮೆಟಲ್ ಅನ್ನು ಉಪ್ಪು ಬೆರೆಸಿದ ಐಸ್ ತುಂಡುಗಳ ಮಧ್ಯೆ ಹುಗಿದಿಟ್ಟು, ಕಾಫಿ ಕುಡಿದು ಮುಗಿಸಿ ನೋಡಿದರು. ತಣ್ಣಗಿರುವಾಗ ಕರೆಂಟ್ ದಾರಿ ಕೂಡಿ ಮೀಟರ್‌ನಿಂದ ಬೀಪ್ ಬರಲೇಬೇಕು. ಬರಲಿಲ್ಲ. ಹೊಸ ಬೈಮೆಟಲ್ ಮುನ್ನೂರೈವತ್ತು, ಕೂಲಿ ಆರುನೂರು. ಬಾಗಿಲಿನ ರಬ್ಬರ್ ಕೂಡ ಒಂದು ಮೂಲೆಯಲ್ಲಿ ಬಿಟ್ಟಿತ್ತು, ಒಳಗೆ ಅಷ್ಟೊಂದು ಐಸ್ ಆಗೋಕೆ ಅದೂ ಒಂದು ಕಾರಣ. ಅದನ್ನೂ ಹಾಕಿಸಿ ಒಟ್ಟು ಎರಡು ಸಾವಿರದೊಳಗೆ ಮುಗಿಯಿತು. ರಬ್ಬರ್ ಸರಿಯಿದೆಯಾ ಅಂತ ನೋಡೋಕೆ ಒಂದು ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಗಾಳಿಯೂ ಅಷ್ಟೇ ಸಲೀಸಾಗಿ ಹೋಗುತ್ತಿರುತ್ತದೆ.

ಇಂಥ ಸಣ್ಣ ಪಾರ್ಟ್‌ಗಳ ವಿಷಯದಲ್ಲಿ ನಾನು ವಯಸ್ಸು ನೋಡುವುದೇ ಇಲ್ಲ. ಬೈಮೆಟಲ್, ಹೀಟರ್, ಥರ್ಮೋಸ್ಟ್ಯಾಟ್, ಒಳಗಿನ ಫ್ಯಾನ್, ಬಾಗಿಲ ರಬ್ಬರ್, ಕಂಪ್ರೆಸರ್ ಶುರು ಮಾಡುವ ಪಕ್ಕದ ರಿಲೇ, ಅದು ಅತಿಯಾಗಿ ಬಿಸಿಯಾದರೆ ಕರೆಂಟ್ ಕಡಿಯುವ ಓವರ್‌ಲೋಡ್, ಇವೆಲ್ಲ ಹದಿನೈದು ವರ್ಷದ ಫ್ರಿಜ್‌ಗಾದರೂ ಹಾಕಿಸಿ. ಅದರಲ್ಲೂ ರಿಲೇ. ಹಳೇ ಮಾದರಿಯ ಫ್ರಿಜ್ ಹಿಂದಿನಿಂದ ಕೆಲವು ನಿಮಿಷಕ್ಕೊಮ್ಮೆ ಟಕ್ ಅಂತ ಸದ್ದು ಬಂದು, ಕಂಪ್ರೆಸರ್ ಶುರುವಾಗದೆ ಮತ್ತೆ ಟಕ್ ಅಂದರೆ "ಕಂಪ್ರೆಸರ್ ಹೋಗಿದೆ" ಅಂತ ತಕ್ಷಣ ನಂಬಬೇಡಿ. ಆ ಸಣ್ಣ ರಿಲೇ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುತ್ತದೆ ಎಷ್ಟೋ ಸಲ. ಒಳಗಿನ ಬಿಲ್ಲೆ ಒಡೆದಿರುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಪಾರ್ಟ್. ಕಿತ್ತು ನೋಡುವ ಕೆಲಸ ಮೆಕ್ಯಾನಿಕ್ ಕೈಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಕಂಪ್ರೆಸರ್ ವೇಗವನ್ನು ಬೇಕಾದಂತೆ ಹೆಚ್ಚುಕಡಿಮೆ ಮಾಡುವ ಹೊಸ ಇನ್ವರ್ಟರ್ ಫ್ರಿಜ್‌ಗಳಲ್ಲಿ ಈ ರಿಲೇ ಇರಲ್ಲ, ಅದರ ಜಾಗದಲ್ಲಿ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಬೋರ್ಡ್ ಹೋದರೆ ಸಾವಿರಗಳ ಲೆಕ್ಕ. ಹತ್ತು ವರ್ಷ ವಾರಂಟಿ ಅಂತ ದೊಡ್ಡದಾಗಿ ಸ್ಟಿಕರ್ ಅಂಟಿಸಿರುವುದು ಕಂಪ್ರೆಸರ್‌ಗೆ ಮಾತ್ರ. ಬೋರ್ಡ್, ಗ್ಯಾಸ್, ಕೂಲಿ ಅದರೊಳಗೆ ಬರುತ್ತಾ ಅಂತ ಸಣ್ಣ ಅಕ್ಷರ ಓದಿ ನೋಡಿ, ಸಾಮಾನ್ಯವಾಗಿ ಬರಲ್ಲ.

ಹಾಗಂತ ಎಲ್ಲವನ್ನೂ ರಿಪೇರಿ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಉಡುಪಿಯಲ್ಲಿರುವ ಅಕ್ಕನ ಮನೆಯ ಕಥೆ ಪೂರ್ತಿ ಉಲ್ಟಾ. ಅವರದು ಒಂದೇ ಬಾಗಿಲಿನ ಫ್ರಿಜ್, ವಯಸ್ಸು ನಮ್ಮದಕ್ಕಿಂತ ನಾಲ್ಕು ವರ್ಷ ಕಡಿಮೆ. ಸಮುದ್ರದ ಗಾಳಿಗೆ ಕೆಳಗಿನ ತಗಡು ತುಕ್ಕು ಹಿಡಿದು ಉದುರುತ್ತಿತ್ತು. ಗ್ಯಾಸ್ ಹಾಕಿಸಿದರು, ಸ್ವಲ್ಪ ತಿಂಗಳು ಬಂತು. ಮತ್ತೆ ಹಾಕಿಸಿದರು, ಮಳೆಗಾಲ ಮುಗಿಯುವುದರೊಳಗೆ ಮತ್ತೆ ಹೋಯಿತು. ಈಗಿನ ಫ್ರಿಜ್‌ಗಳಲ್ಲಿ ಬಿಸಿ ಬಿಡುವ ಪೈಪನ್ನು ಹೊರಗೆ ಜಾಲರಿ ತರ ಬಿಡುವುದರ ಬದಲು ಗೋಡೆಯೊಳಗೇ, ಫೋಮ್ ಮಧ್ಯೆ ಹುಗಿದಿರುತ್ತಾರೆ. ಪಕ್ಕದ ತಗಡು ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಆ ಪೈಪ್ ಒಳಗೇ ತೂತಾದರೆ ಯಾರೂ ಬಿಚ್ಚಿ ಬೆಸುಗೆ ಹಾಕೋಕಾಗಲ್ಲ. ಮೆಕ್ಯಾನಿಕ್‌ಗಳು ಬಾಡಿ ಲೀಕ್ ಅನ್ನುವುದು ಇದನ್ನೇ. ಒಳಗಿನ ಪೈಪ್ ಬಿಟ್ಟು ಹಿಂದೆ ಬೇರೆ ಕಾಯಿಲ್ ಹಾಕಿಕೊಡುತ್ತೇವೆ ಅನ್ನುತ್ತಾರೆ, ಆಗುತ್ತದೆ ಕೂಡ, ಆದರೆ ತುಕ್ಕು ಹಿಡಿದ ಡಬ್ಬಕ್ಕೆ ಐದು ಸಾವಿರದ ಕಾಯಿಲ್ ಹಾಕಿ ಏನು ಪ್ರಯೋಜನ? ಭಾವ ಮಾತ್ರ ಬಿಡಲಿಲ್ಲ. "ಇನ್ನೊಂದ್ಸಲ ಗ್ಯಾಸ್ ಹಾಕ್ಸಿ ನೋಡುವ" ಅಂದರು. "ಹಾಕ್ಸಿದ್ದು ಎಲ್ಲಿಗೆ ಹೋಗ್ತದೆ ಅಂತ ಮೊದ್ಲು ನೋಡಿ" ಅಂತ ಅಕ್ಕ ಅಂಗಡಿಗೆ ಹೊರಟೇಬಿಟ್ಟಳು. ಅವಳು ಮಾಡಿದ್ದೇ ಸರಿ. ಎಂಟು ವರ್ಷದ ಫ್ರಿಜ್ ಹೋಯಿತು, ಹನ್ನೆರಡು ದಾಟಿದ್ದು ಉಳಿಯಿತು.

ಗ್ಯಾಸ್ ಹಾಕಿಸಲೇಬೇಕಾಗಿ ಬಂದರೆ ಕೆಲವು ವಿಷಯ ಗಮನಿಸಿ. ಲೀಕ್ ಎಲ್ಲಿ ಸಿಕ್ಕಿತು ಅಂತ ಕೇಳಿ, ಬೆರಳಿಟ್ಟು ತೋರಿಸಲಿ. ಪೈಪಿನೊಳಗಿನ ತೇವ ಹೀರುವ ಫಿಲ್ಟರ್ ಹೊಸದು ಹಾಕುತ್ತಾರಾ ನೋಡಿ. ಗ್ಯಾಸ್ ಬಿಡುವ ಮೊದಲು ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆಯಬೇಕು. ಪಂಪೇ ತರದೆ ಬಂದವರನ್ನು ಹಾಗೇ ಕಳಿಸಿಬಿಡಿ. ಫ್ರಿಜ್ ಹಿಂದಿನ ಸ್ಟಿಕರ್‌ನಲ್ಲಿ ಆರ್-134ಎ ಅಂತಲೋ ಆರ್-600ಎ ಅಂತಲೋ ಬರೆದಿರುತ್ತದೆ. ಎರಡನೆಯದು ಐಸೊಬ್ಯುಟೇನ್, ನಮ್ಮ ಅಡುಗೆ ಗ್ಯಾಸಿನ ಜಾತಿಗೇ ಸೇರಿದ್ದು, ಬೆಂಕಿ ಹತ್ತುತ್ತದೆ. ಪ್ರಮಾಣ ತುಂಬ ಕಡಿಮೆ, ತೂಕ ಮಾಡಿಯೇ ಹಾಕಬೇಕು. ಒಳಗೆ ಗ್ಯಾಸ್ ಇರುವಾಗಲೇ ಬೆಸುಗೆ ಹಾಕುವ ಬೆಂಕಿ ಟಾರ್ಚ್ ಹಚ್ಚುವ ಮೆಕ್ಯಾನಿಕ್ ಕೈಗೆ ಇದನ್ನು ಕೊಡಬೇಡಿ.

ಇನ್ನು ಕರೆಂಟ್ ಬಿಲ್. "ಹಳೇ ಫ್ರಿಜ್ ಕರೆಂಟ್ ಕುಡಿಯುತ್ತೆ, ಹೊಸದು ತಗೊಂಡ್ರೆ ಉಳಿಯೋ ಬಿಲ್‌ನಲ್ಲೇ ಫ್ರಿಜ್ ದುಡ್ಡು ವಾಪಸ್" ಅನ್ನೋ ಮಾತು ಶೋರೂಮ್‌ನಲ್ಲಿ ಕೇಳಿರುತ್ತೀರಿ. ಕುಡಿಯುವುದು ನಿಜ. ವಾಪಸ್ ಬರುವ ಕಥೆ ಮಾತ್ರ ಲೆಕ್ಕ ಹಾಕಿ ನೋಡಬೇಕು. ರಿಪೇರಿ ಆದ ಮೇಲೆ ನಾನು ಒಂದು ಸಣ್ಣ ಕೆಲಸ ಮಾಡಿದೆ. ರಾತ್ರಿ ಮಲಗುವಾಗ ಫ್ರಿಜ್ ಒಂದನ್ನು ಬಿಟ್ಟು ಉಳಿದ ಎಲ್ಲಾ ಸ್ವಿಚ್ ಆಫ್ ಮಾಡಿ ಮೀಟರ್ ರೀಡಿಂಗ್ ಬರೆದಿಟ್ಟೆ, ಬೆಳಿಗ್ಗೆ ಎದ್ದು ಮತ್ತೆ ಬರೆದೆ. ಇನ್ನೂ ಬೇಗ ತಿಳೀಬೇಕು ಅಂದರೆ ಮೀಟರ್ ಮೇಲೆ ಮಿಣುಕುವ ಕೆಂಪು ದೀಪ ಇದೆಯಲ್ಲ, ಅದರ ಪಕ್ಕ 3200 ಅಂತಲೋ ಬೇರೆ ಯಾವುದೋ ಸಂಖ್ಯೆಯೋ ಇರುತ್ತದೆ. 3200 ಇದ್ದರೆ ದೀಪ ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್. ಬೇರೆಲ್ಲ ಆಫ್ ಇರುವಾಗ ನಿಮಿಷಕ್ಕೆ ಆರೇಳು ಸಲ ಮಿಣುಕಿದರೆ ಫ್ರಿಜ್ ಆ ಹೊತ್ತಿಗೆ ಸುಮಾರು 120 ವಾಟ್ ಎಳೆಯುತ್ತಿದೆ ಅಂತ ಲೆಕ್ಕ. ನಮ್ಮದು ತಿಂಗಳಿಗೆ 40 ಯೂನಿಟ್ ಹತ್ತಿರ ಬಂತು.

ಅದೇ ಗಾತ್ರದ ಹೊಸ ಫ್ರಿಜ್‌ನ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತದೆ. ಸ್ಟಾರ್‌ಗಿಂತ ಆ ಸಂಖ್ಯೆ ಮುಖ್ಯ. ಫ್ರಾಸ್ಟ್ ಫ್ರೀ ಫ್ರಿಜ್‌ಗಳಿಗೆ ಈ ಲೇಬಲ್ ಕಡ್ಡಾಯವಾಗಿದ್ದು 2010ರಿಂದ. ಆಮೇಲೆ ಅಳತೆಯನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಾ ಬಂದಿದ್ದಾರೆ, 2023ರ ಜನವರಿಯಲ್ಲೂ ಮಾಡಿದರು. ಹಾಗಾಗಿ 2012ರ ನಾಲ್ಕು ಸ್ಟಾರೂ ಈಗಿನ ನಾಲ್ಕು ಸ್ಟಾರೂ ಒಂದೇ ಅಲ್ಲ. ನಾನು ಅಂಗಡಿಯಲ್ಲಿ ನೋಡಿದ್ದರಲ್ಲಿ ವರ್ಷಕ್ಕೆ 220 ಯೂನಿಟ್ ಅಂತ ಇತ್ತು, ಬೆಲೆ 27 ಸಾವಿರ. ನಮ್ಮ ಹಳೆಯದು ವರ್ಷಕ್ಕೆ 480. ಉಳಿತಾಯ 260 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 1,560 ರೂಪಾಯಿ. 27 ಸಾವಿರ ವಾಪಸ್ ಬರೋಕೆ ಹದಿನೇಳು ವರ್ಷ ಬೇಕು. ಅಷ್ಟರಲ್ಲಿ ಆ ಹೊಸದೂ ಹಳೆಯದಾಗಿ, ಅದರ ಬೋರ್ಡ್ ಹೋಗಿ, ಅದಕ್ಕೂ ಯಾರೋ ಬಂದು ಎರಡು ಸಾವಿರ ಕೊಡಿಸ್ತೀನಿ ಅನ್ನುತ್ತಿರುತ್ತಾರೆ.

ಅದಕ್ಕೂ ಮೇಲೆ ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ. ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. 2023ರಲ್ಲಿ ಯೋಜನೆ ಶುರುವಾದಾಗ, 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ ಶೇ 10 ಸೇರಿಸಿ ನಿಮ್ಮ ಮಿತಿ ಅಂತ ಮಾಡಿದರು, ಅದು 200 ಯೂನಿಟ್ ದಾಟುವಂತಿಲ್ಲ. ಆ ಸರಾಸರಿಯಲ್ಲಿ ಹಳೇ ಫ್ರಿಜ್ ಕುಡಿದ ಕರೆಂಟೂ ಸೇರಿದೆ! ನಿಮ್ಮ ಮಿತಿ 130 ಇದ್ದು, ನೀವು 115ರಲ್ಲಿ ಇದ್ದರೆ ಬಿಲ್ ಸೊನ್ನೆ. ಹೊಸ ಫ್ರಿಜ್ ತಂದು 95ಕ್ಕೆ ಇಳಿಸಿದರೂ ಸೊನ್ನೆಯೇ. ಜೇಬಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಕರೆಂಟ್ ಉಳಿಯುತ್ತದೆ, ಅದು ಒಳ್ಳೆಯದೇ, ಆದರೆ ಫ್ರಿಜ್ ದುಡ್ಡು ಬಿಲ್‌ನಲ್ಲಿ ವಾಪಸ್ ಅನ್ನೋ ಮಾತು ಅಲ್ಲಿಗೆ ಬಿತ್ತು.

ಆದರೆ ಇದೇ ಗೃಹಜ್ಯೋತಿ ಇನ್ನೊಂದು ಮನೆಯಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು, ದಾಟಿದ ನಾಲ್ಕೈದು ಯೂನಿಟ್‌ಗೆ ಮಾತ್ರ ಅಲ್ಲ. ನಿಮ್ಮ ಮಿತಿ 190ರ ಮೇಲಿದ್ದು, ಬೇಸಿಗೆಯಲ್ಲಿ ಬಳಕೆ 205, 210 ಅಂತ ಆಗುತ್ತಿದ್ದರೆ, ಆ ಒಂದೊಂದು ತಿಂಗಳು ಸಾವಿರದ ಇನ್ನೂರು ರೂಪಾಯಿಗೂ ಜಾಸ್ತಿ ಹೋಗುತ್ತದೆ. ಅಂಥ ಮನೆಯಲ್ಲಿ ಹಳೇ ಫ್ರಿಜ್ ಬದಲಾಯಿಸಿ ತಿಂಗಳಿಗೆ ಇಪ್ಪತ್ತು ಯೂನಿಟ್ ಇಳಿಸಿದರೆ ನಿಜವಾಗಲೂ ಲಾಭ ಇದೆ. ಅದಕ್ಕೆ ಮೊದಲು ಗೀಸರ್ ಕಡೆ ಒಂದು ಸಲ ನೋಡಿ. ಎರಡು ಸಾವಿರ ವಾಟ್‌ನ ಗೀಸರ್ ದಿನಾ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್, ಅದನ್ನು ಹತ್ತು ನಿಮಿಷ ಕಡಿಮೆ ಮಾಡೋಕೆ ಖರ್ಚೇನೂ ಇಲ್ಲ.

ಹಬ್ಬದ ಆಫರ್ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿಯಿತು ಅಂತ ದಸರಾ ಹೊತ್ತಿಗೆ ಫ್ರಿಜ್ ತಗೊಳ್ಳೋಕೆ ಓಡಿದವರನ್ನು ನೋಡಿದೆ. ಇಳಿದಿದ್ದು ಎಸಿ, ದೊಡ್ಡ ಟಿವಿ, ಪಾತ್ರೆ ತೊಳೆಯುವ ಮಷೀನ್ ಇಂಥವುಗಳಿಗೆ. ಫ್ರಿಜ್‌ಗೆ 2018ರಿಂದಲೇ ಶೇ 18 ಇತ್ತು, ಈಗಲೂ ಅಷ್ಟೇ ಇದೆ.

ಎಕ್ಸ್‌ಚೇಂಜ್‌ಗೆ ಕೊಟ್ಟ ಫ್ರಿಜ್ ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಮೆಕ್ಯಾನಿಕ್ ಹತ್ತಿರ ಕೇಳಿದೆ. ನಕ್ಕರು. ಸಣ್ಣ ರಿಪೇರಿ ಇದ್ದರೆ ಸರಿ ಮಾಡಿ, ಒರೆಸಿ, ಪಿಜಿಗಳಿಗೋ ಬ್ಯಾಚುಲರ್ ಹುಡುಗರಿಗೋ ಐದಾರು ಸಾವಿರಕ್ಕೆ ಮಾರುತ್ತಾರಂತೆ. ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮ ಬೈಮೆಟಲ್ ಇನ್ಯಾರದೋ ಅಡುಗೆಮನೆಯಲ್ಲಿ ಬದಲಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ಸರಿ ಮಾಡೋಕೆ ಆಗದಿದ್ದು ಗುಜರಿಗೆ ಹೋಗುತ್ತದೆ. ಅಲ್ಲಿ ಬೇಕಾಗಿರುವುದು ಕಂಪ್ರೆಸರ್ ಒಳಗಿನ ತಾಮ್ರ. ಪೈಪ್ ಕತ್ತರಿಸಿದಾಗ ಗ್ಯಾಸ್ ಗಾಳಿಗೆ ಹೋಗುತ್ತದೆ, ಎಣ್ಣೆ ನೆಲಕ್ಕೆ ಹರಿಯುತ್ತದೆ. ಹಳೇ ಫ್ರಿಜ್‌ಗಳ ಆರ್-134ಎ ಗ್ಯಾಸ್ ಭೂಮಿ ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈ ಆಕ್ಸೈಡ್‌ಗಿಂತ ಸಾವಿರಪಟ್ಟಿಗೂ ಜಾಸ್ತಿ. ಇ-ತ್ಯಾಜ್ಯ ನಿಯಮದಲ್ಲಿ ಫ್ರಿಜ್ ಕೂಡ ಇದೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ನಿಯಮದ ಪ್ರಕಾರ ಹಳೆಯದರ ಮರುಬಳಕೆಯ ಹೊಣೆ ಕಂಪನಿಗಳದ್ದು. ಅಕ್ಕ ಹೊಸದು ತಗೊಳ್ಳುವಾಗ ಇದನ್ನು ಅಂಗಡಿಯಲ್ಲಿ ಕೇಳಿದಳು. ಅಂಗಡಿಯವರು ಅವಳ ಮುಖ ನೋಡಿ "ನಮ್ಮ ಹುಡ್ಗ ಬಂದು ತಕೊಂಡು ಹೋಗ್ತಾನೆ ಮೇಡಂ" ಅಂದರಂತೆ. ನೀವು ಕೊಡುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರನ್ನೇ ಹುಡುಕಿ ಕೊಡಿ. ಗುಜರಿಯವರಿಗಿಂತ ದುಡ್ಡು ಕಡಿಮೆ ಸಿಗಬಹುದು.

ರಿಪೇರಿಗೆ ಹೊಸದರ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ ಅಂತ ಒಂದು ಲೆಕ್ಕ ಎಲ್ಲ ಕಡೆ ಓಡಾಡುತ್ತಿದೆ. ನನಗೆ ಅದು ಅಷ್ಟು ಸರಿ ಅನ್ನಿಸಲ್ಲ. 27 ಸಾವಿರದ ಅರ್ಧ ಅಂದರೆ ಹದಿಮೂರೂವರೆ, ಹನ್ನೆರಡು ವರ್ಷ ದಾಟಿದ ಫ್ರಿಜ್‌ಗೆ ಅಷ್ಟು ಯಾರು ಹಾಕುತ್ತಾರೆ? ನಾನಂತೂ ಹಾಕಲ್ಲ. ನಾನು ನೋಡುವುದು ಈ ರಿಪೇರಿ ಆದ ಮೇಲೆ ಮುಂದೆ ಹೋಗುವ ಪಾರ್ಟ್ ಯಾವುದು ಅಂತ. ಬೈಮೆಟಲ್ ಬದಲಾಯಿಸಿದರೆ ಕಂಪ್ರೆಸರ್‌ನ ಆಯುಸ್ಸಿಗೆ ಅದರಿಂದ ತೊಂದರೆ ಇಲ್ಲ. ತುಕ್ಕು ಹಿಡಿದ ಪೈಪಿನಲ್ಲಿ ಒಂದು ತೂತು ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಕಾಯುತ್ತಿರುತ್ತದೆ.

ನಮ್ಮ ಫ್ರಿಜ್ ಈಗ ಚೆನ್ನಾಗಿದೆ. ಕಂಪ್ರೆಸರ್ ಹೋದರೆ ಮಾತ್ರ ಹೊಸದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಅದಕ್ಕೆ ಈಗಲೇ ಟೇಪ್ ಹಿಡಿದು ಅಳತೆ ತೆಗೆದಿಟ್ಟಿದ್ದೇನೆ. ಅಡುಗೆಮನೆ ಬಾಗಿಲ ಅಗಲ 28 ಇಂಚು, ಫ್ರಿಜ್ ನಿಲ್ಲಿಸುವ ಜಾಗ 25 ಇಂಚು. ಪಕ್ಕದ ಗೋಡೆಗೂ ಫ್ರಿಜ್‌ಗೂ ಗಾಳಿಯಾಡೋಕೆ ಸ್ವಲ್ಪ ಜಾಗ ಬಿಡಲೇಬೇಕು, ಬಾಗಿಲು ಪೂರ್ತಿ ತೆರೆಯದಿದ್ದರೆ ಕೆಳಗಿನ ತರಕಾರಿ ಟ್ರೇ ಹೊರಗೆ ಬರಲ್ಲ. ಅಂಗಡಿಯಲ್ಲಿ ಮನೆಯವರಿಗೆ ಇಷ್ಟವಾಗಿದ್ದ ಆ ದೊಡ್ಡ ಗಾಜಿನ ಬಾಗಿಲಿನದ್ದು ನಮ್ಮ ಜಾಗದಲ್ಲಿ ಕೂರುವುದೇ ಇಲ್ಲ. ಅವರಿಗೆ ಇನ್ನೂ ಹೇಳಿಲ್ಲ.